ಸುರಪುರ ಸೀಮೆಯ ಕುರಿಯೂ ಕಡಲಪಾಚಿಯ ಮೇವೂ

ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ ಸೀಮೆಯಲ್ಲಿ, ದೇವಾಪುರ ಮೊದಲಾದ ಗ್ರಾಮಗಳನ್ನು ಸುತ್ತುವರಿದ ಬಯಲುಗಳಲ್ಲಿ, ಪಶುಪಾಲನೆ ಎಷ್ಟು ಪುರಾತನವೆಂಬುದಕ್ಕೆ ಗ್ರಂಥಸಾಕ್ಷ್ಯವನ್ನು ಅರಸಬೇಕಾಗಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಈ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಿಂದ, ಅಲ್ಲಿಯ ಬೂದಿದಿಬ್ಬವು ನವಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ಸಗಣಿಯನ್ನು ಒಟ್ಟಿ ಸುಟ್ಟುದರಿಂದ ಆದುದೆಂಬ ಅಭಿಪ್ರಾಯಕ್ಕೆ ಬಲ ಬಂದಿತು. ದನವೇ ಪ್ರಧಾನವಾಗಿದ್ದ ಆ ಜೀವನದಲ್ಲಿ ಕುರಿ ಆಡುಗಳಿಗೂ ಸ್ಥಾನವಿದ್ದಿತು. ಮುಂದೆ ಕರಿಯ ಒರಟು ಉಣ್ಣೆಯ ಡೆಕ್ಕನಿ ಕುರಿಯೂ ಅದನ್ನು ಕಾಯುವ ಕುರುಬರೂ ಈ ನೆಲದ ಅವಿಭಾಜ್ಯ ಅಂಗವಾದರು.

ಇಲ್ಲಿಯ ವೈಶಾಖದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮೀರುವುದು ವಿಶೇಷವೇನಲ್ಲ. ಬೆವರಿಗಿಂತ ಹೆಚ್ಚಾಗಿ ಉಸಿರಿನಿಂದಲೇ ಮೈಯ ತಾಪವನ್ನು ಕಳೆಯಬೇಕಾದ ಕುರಿ ಆಗ ಬಾಯ್ದೆರೆದು ತೇಕುತ್ತದೆ. ಮೇವು ಹೊಟ್ಟೆಯಲ್ಲಿ ಹುದುಗುವಾಗಲೂ ಶಾಖ ಹುಟ್ಟುವುದರಿಂದ ಮೇಯುವುದನ್ನೇ ತಗ್ಗಿಸುತ್ತದೆ. ಮರವಿಲ್ಲದ ಬಯಲಿನಲ್ಲಿ ನಡುಹಗಲಿನ ಹಿಂಡನ್ನು ಕಂಡವರಿಗೆ ಗೊತ್ತು: ಕುರಿಗಳೆಲ್ಲ ಒತ್ತೊತ್ತಾಗಿ ನಿಂತು, ಒಂದರ ಹೊಟ್ಟೆಯಡಿ ಮತ್ತೊಂದು ತಲೆ ತೂರಿಸಿ, ಪರಸ್ಪರರ ನೆರಳನ್ನೇ ಆಶ್ರಯಿಸಿರುತ್ತವೆ. ನಸುಕಿನಲ್ಲಿ ಮೇಯಿಸಿ, ಮಧ್ಯಾಹ್ನ ಹಳ್ಳದ ದಂಡೆಯ ಜಾಲಿಯ ನೆರಳಿನಲ್ಲಿ ತರುಬಿ, ಇಳಿಹೊತ್ತಿಗೆ ಮತ್ತೆ ಬಿಡುವುದು, ಹುಲ್ಲು ಒಣಗಿದ ಕಾಲಕ್ಕೆ ಜಾಲಿಕಾಯಿಯನ್ನೂ ತೊಗರಿ ಹೊಟ್ಟನ್ನೂ ಒದಗಿಸುವುದು, ವರ್ಷಕ್ಕೆರಡು ಬಾರಿ ಉಣ್ಣೆ ಕತ್ತರಿಸುವುದು, ಇವೆಲ್ಲ ಪಶುವೈದ್ಯಶಾಸ್ತ್ರ ಇತ್ತ ಕಾಲಿಡುವ ಮೊದಲೇ ರೂಢಿಯಲ್ಲಿದ್ದ ಉಪಾಯಗಳು.

ಈ ತಾಪಕ್ಕೆ ಉಪಾಯವೆಂದು ಈಚೆಗೆ ಸೂಚಿತವಾಗಿರುವ ಕಡಲಪಾಚಿಯ ಮೇವಿನ ಚರಿತ್ರೆ ಮಾತ್ರ ಈ ಸೀಮೆಗೆ ತೀರ ದೂರದ್ದು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ನಾರ್ತ್ ರೊನಾಲ್ಡ್ಸೇ ದ್ವೀಪದಲ್ಲಿ, ಹೊಲಗಳನ್ನು ಉಳಿಸಿಕೊಳ್ಳುವ ಸಲುವಾಗಿ 1832ರಲ್ಲಿ ದ್ವೀಪದ ಸುತ್ತ ಕಲ್ಲಿನ ಗೋಡೆಯನ್ನು ಕಟ್ಟಿ, ಕುರಿಗಳನ್ನು ತೀರದ ಕಡೆಗೆ ಅಟ್ಟಲಾಗಿ, ಅವು ಪಾಚಿಯನ್ನೇ ಮುಖ್ಯ ಆಹಾರವನ್ನಾಗಿ ಮಾಡಿಕೊಂಡವು. ತಾಮ್ರದ ಅಂಶ ಅತ್ಯಲ್ಪವಾದ ಆ ಮೇವಿಗೆ ಹೊಂದಿಕೊಂಡ ಅವುಗಳ ದೇಹ ಸಿಕ್ಕ ತಾಮ್ರವನ್ನೆಲ್ಲ ಹೀರಿಕೊಳ್ಳುವುದರಿಂದ, ಸಾಮಾನ್ಯ ಹುಲ್ಲುಗಾವಲೇ ಅವಕ್ಕೆ ವಿಷಪ್ರಾಯವಾಗಬಲ್ಲದು. ಮೇವು ದೇಹದ ಪ್ರಕೃತಿಯನ್ನೇ ಮಾರ್ಪಡಿಸುವುದೆಂಬುದಕ್ಕೆ ಇದಕ್ಕಿಂತ ಪ್ರಬಲ ನಿದರ್ಶನ ಬೇಕಿಲ್ಲ.

ತಾಪಕ್ಕೂ ಪಾಚಿಗೂ ಸಂಬಂಧ ಕಲ್ಪಿಸಿದ್ದು ಈಚಿನವರು. ಅಮೆರಿಕೆಯಲ್ಲಿ ಫೆಸ್ಕ್ಯೂ ಎಂಬ ಹುಲ್ಲಿನೊಳಗೆ ಬೆಳೆಯುವ ಶಿಲೀಂಧ್ರದ ದೆಸೆಯಿಂದ ಜಾನುವಾರುಗಳು ಬಿಸಿಲನ್ನು ತಾಳದಾದಾಗ, 2000ದ ಆಸುಪಾಸಿನಲ್ಲಿ ವರ್ಜೀನಿಯ, ಟೆಕ್ಸಸ್ ಮೊದಲಾದೆಡೆಯ ವಿದ್ವಾಂಸರು ಆಸ್ಕೋಫಿಲಮ್ ಎಂಬ ಕಂದುಪಾಚಿಯ ಸಾರವನ್ನು ಪ್ರಯೋಗಿಸಿ, ಉತ್ಕರ್ಷಣ ನಿರೋಧಕ ಶಕ್ತಿ ವೃದ್ಧಿಯಾಗುವ ಸೂಚನೆಗಳನ್ನು ಕಂಡರು. ಇಟಲಿಯ ಫೊಜ್ಜಾ ವಿಶ್ವವಿದ್ಯಾಲಯದವರು ಬೇಸಗೆಯಲ್ಲಿ ಹಾಲುಕುರಿಗಳಿಗೆ ಅದೇ ಪಾಚಿಯನ್ನೂ ಅಗಸೆ ಬೀಜವನ್ನೂ ಉಣಿಸಿ ನೋಡಿದಾಗ, ಹಾಲಿನ ಹೆಚ್ಚಳದಲ್ಲಿ ಮೇಲುಗೈ ಅಗಸೆಯದಾಯಿತು. ಅಗಸೆ ಹಿಂಡಿಯನ್ನು ರೊಟ್ಟಿಗೆ ನೆಂಚಿಕೊಳ್ಳುವ ನಮ್ಮವರಿಗೆ ಇದು ಮನನೀಯವಲ್ಲವೆ? ಪಾಚಿಯಲ್ಲಿ ಅಯೋಡಿನ್ ಅಧಿಕವಾಗಿರುವುದರಿಂದ ಅದನ್ನು ಅಳತೆಗೆಟ್ಟು ಉಣಿಸುವಂತೆಯೂ ಇಲ್ಲ.

ಇತ್ತ ಸುರಪುರ ಸೀಮೆಗೆ ನಾರಾಯಣಪುರದ ಎಡದಂಡೆ ಕಾಲುವೆ ಬಂದ ಬಳಿಕ ಬತ್ತ ಬಂದಿತು, ಗೋಮಾಳ ಕಿರಿದಾಯಿತು. ಆದುದರಿಂದ ಪೂರಕ ಮೇವಿನ ಚಿಂತೆ ಅನಿವಾರ್ಯವೆಂಬುದು ನಿಜ. ಆದರೆ ತಂಪುನಾಡಿನ ಪಾಚಿಯ ಫಲವನ್ನು ಡೆಕ್ಕನಿ ಕುರಿಗೆ ನೇರವಾಗಿ ಆರೋಪಿಸಲಾಗದು. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಂತಹವರು ಕಾರವಾರದ ಕಡಲ ಪಾಚಿಯನ್ನೂ ಈ ಸೀಮೆಯ ಅಗಸೆ ಹಿಂಡಿಯನ್ನೂ ಇಲ್ಲಿಯ ಹಿಂಡುಗಳಲ್ಲೇ, ಇಲ್ಲಿಯ ಬಿಸಿಲಿನಲ್ಲೇ, ಜೊತೆಜೊತೆಯಾಗಿ ಪರೀಕ್ಷಿಸಲಿ. ಅಲ್ಲಿಯವರೆಗೆ ಕುರಿಗಾಹಿ ತನ್ನ ಹಣವನ್ನು ಪಾಚಿಪುಡಿಯ ಚೀಲಕ್ಕಿಂತ ನೀರಿನ ತೊಟ್ಟಿಗೂ ನೆರಳಿನ ಚಪ್ಪರಕ್ಕೂ ವ್ಯಯಿಸುವುದೇ ಲೇಸು.