ಕೊಟ್ಟಿಗೆಯ ಬಾಗಿಲಲ್ಲಿ ಕಾನೂನು

ಎಚ್.ಆರ್.ಬಿ.ಆರ್. ಬಡಾವಣೆಯ ಹೆಸರನ್ನು ಬಿಡಿಸಿ ಓದಿದರೆ ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆ ಎಂದಾಗುತ್ತದೆ. ಈ ಅಕ್ಷರಗಳು ಬರುವ ಮೊದಲು ಬಾಣಸವಾಡಿ ದಂಡುಪ್ರದೇಶದ ಪೂರ್ವಕ್ಕಿದ್ದ ಒಂದು ಹಳ್ಳಿ. ಇಂಥ ಊರುಗಳಲ್ಲಿ ಅತಿಕ್ರಮ ಪ್ರವೇಶವೆಂದರೆ ರೈತನ ಕಣ್ಣಿಗೆ ಬರುತ್ತಿದ್ದುದು ಮನುಷ್ಯನಲ್ಲ, ರಾಗಿ ಹೊಲಕ್ಕೆ ನುಗ್ಗಿದ ಪಕ್ಕದ ಮನೆಯ ದನ.

ಬ್ರಿಟಿಷರು 1871ರಲ್ಲಿ ಮಾಡಿದ ಜಾನುವಾರು ಅತಿಕ್ರಮ ಕಾಯಿದೆ ಈ ಜಗಳಕ್ಕೆಂದೇ ಹುಟ್ಟಿದ್ದು. ಬೆಳೆ ಮೇಯ್ದ ದನವನ್ನು ರೈತ ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಕಳುಹಿಸಬಹುದಿತ್ತು. ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿದರೆ ದನ ಒಡೆಯನ ಕೈಗೆ. ಬಲವಂತವಾಗಿ ಬಿಡಿಸಿಕೊಂಡು ಹೋದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ರಾಜ್ಯ 1966ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ದನ ಬಿಡಿಸುವುದು ಪುಣ್ಯದ ಕೆಲಸವೆಂಬ ಮಾತು ಆ ಕಾಯಿದೆಗಳ ಹತ್ತಿರ ಸುಳಿಯುವುದಿಲ್ಲ.

ಈಗ ಪ್ರಶ್ನೆ ತಿರುವುಮುರುವಾಗಿದೆ. ದನದ ಪರವಾಗಿ ಮನುಷ್ಯನೇ ಕೊಟ್ಟಿಗೆಗೆ ನುಗ್ಗಿದರೆ? ಆಸ್ಟ್ರೇಲಿಯದಲ್ಲಿ ಪ್ರಾಣಿಪರ ಸಂಘಟನೆಯೊಂದು 2019ರ ಆರಂಭದಲ್ಲಿ ಸಾಕಣೆ ಕೇಂದ್ರಗಳ ವಿಳಾಸ ತೋರಿಸುವ ನಕಾಶೆಯನ್ನೇ ಪ್ರಕಟಿಸಿತು. ಅದೇ ವರ್ಷ ಅಲ್ಲಿನ ಸಂಸತ್ತು, ಅಂತರಜಾಲದ ಮೂಲಕ ಇಂಥ ಪ್ರವೇಶಕ್ಕೆ ಪ್ರಚೋದಿಸುವವರಿಗೆ 12 ತಿಂಗಳವರೆಗೆ ಸೆರೆ ವಿಧಿಸುವ ಕಾಯಿದೆ ತಂದಿತು. ಪತ್ರಕರ್ತರಿಗೆ ವಿನಾಯಿತಿ ಇಟ್ಟಿತು. ಅಮೆರಿಕದ ಅಯೋವಾ ರಾಜ್ಯ ಸುಳ್ಳು ಹೇಳಿ ಒಳಹೊಕ್ಕವರನ್ನು ಶಿಕ್ಷಿಸಲು 2012ರಲ್ಲಿ ಮಾಡಿದ ಕಾನೂನನ್ನು ನ್ಯಾಯಾಲಯ 2019ರಲ್ಲಿ ರದ್ದುಮಾಡಿತು. 2021ರಲ್ಲಿ ಮೇಲಿನ ನ್ಯಾಯಾಲಯ ಅದರ ಒಂದು ಭಾಗವನ್ನು ಮತ್ತೆ ಎತ್ತಿಹಿಡಿಯಿತು. ಒಳಗೆ ನಡೆಯುವ ಹಿಂಸೆ ಗೊತ್ತಾಗುವುದು ಒಳಹೊಕ್ಕು ನೋಡಿದವರಿಂದಲೇ ಎಂಬ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ನಮ್ಮಲ್ಲಿ ರೈತನಿಗೆಂದು ಇಂಥ ಪ್ರತ್ಯೇಕ ಕಾನೂನಿಲ್ಲ. ಇರುವುದು ಎಲ್ಲರಿಗೂ ಅನ್ವಯಿಸುವ ಅತಿಕ್ರಮ ಪ್ರವೇಶದ ಕಲಮು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ. ತೊಡಕು ಏನೆಂದರೆ, ಕಾಲಿಟ್ಟದ್ದಷ್ಟೇ ಸಾಲದು. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶವಿತ್ತೆಂದು ತೋರಿಸಬೇಕು. ಕ್ಯಾಮೆರಾ ಹಿಡಿದು ಸದ್ದಿಲ್ಲದೆ ಬಂದವನ ಉದ್ದೇಶವನ್ನು ಹಾಲು ಕರೆಯುವವನು ಹೇಗೆ ಸಾಬೀತು ಮಾಡಿಯಾನು?

ನಿಜವಾದ ರಕ್ಷಣೆ ಇರುವುದು, ಬಹಳ ಮಂದಿ ನೆನೆಯದ ಕಡೆ, ಅಂದರೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೊಳಗೇ. ಅದರ 33ನೆಯ ಕಲಮಿನಂತೆ ದೂರು ಬರವಣಿಗೆಯಲ್ಲಿರಬೇಕು; ಮ್ಯಾಜಿಸ್ಟ್ರೇಟರೋ ಪೊಲೀಸ್ ವರಿಷ್ಠರೋ ವಿಚಾರಿಸಿ ನೋಡಬೇಕು; ತಾವೇ ಹೋಗದಿದ್ದರೆ ವಾರಂಟು ಕೊಡಬೇಕಾದದ್ದು ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಲ್ಲದ ಪೊಲೀಸರಿಗೆ. ದಯೆ ಉಳ್ಳವರೆಲ್ಲ ಬಾಗಿಲು ತಳ್ಳಬಹುದೆಂದು ಕಾಯಿದೆ ಎಲ್ಲೂ ಹೇಳಿಲ್ಲ. ರಾಜ್ಯದ 2020ರ ಗೋಹತ್ಯೆ ತಡೆ ಕಾಯಿದೆಯೂ ಶೋಧನೆಯ ಅಧಿಕಾರವನ್ನು ಅಧಿಕಾರಿಗಳಿಗೇ ಇಟ್ಟಿದೆ. ಗೋರಕ್ಷಣೆಯ ಹೆಸರಿನಲ್ಲಿ ಗುಂಪುಗಳು ಕಾನೂನನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಜುಲೈ 17ರಂದು ಸ್ಪಷ್ಟಪಡಿಸಿ, ಪ್ರತಿ ಜಿಲ್ಲೆಗೂ ಹೊಣೆಗಾರ ಪೊಲೀಸ್ ಅಧಿಕಾರಿಯನ್ನು ನೇಮಿಸಲು ಆದೇಶಿಸಿತು.

ಆದರೆ ಕ್ರಮವಾಗಿಯೇ ಹಸುವನ್ನು ವಶಪಡಿಸಿಕೊಂಡರೂ ರೈತನ ಕಷ್ಟ ಅಲ್ಲಿಗೆ ಮುಗಿಯದು. ಪ್ರಾಣಿಯನ್ನು ಪಿಂಜರಾಪೋಲಿಗೆ ಸಾಗಿಸಿದ ಖರ್ಚು, ಅಲ್ಲಿನ ಆರೈಕೆಯ ಖರ್ಚು 35ನೆಯ ಕಲಮಿನಂತೆ ಒಡೆಯನದೇ. ಹಳೆಯ ದೊಡ್ಡಿಯಲ್ಲೂ ಅವನೇ ಕಟ್ಟುತ್ತಿದ್ದ. ಅಂದು ಹಣ ಕಟ್ಟಿದರೆ ಹಗ್ಗ ಕೈಗೆ ಬರುತ್ತಿತ್ತು. ಇಂದು ನ್ಯಾಯಾಲಯದ ಮುಂದಿನ ತಾರೀಖು ಸಿಗುತ್ತದೆ.