ಬಿಲಿಬಿಯೊ ಬೆಟ್ಟದ ಸಂತ, ಹಾರೊ ಊರಿನ ದ್ರಾಕ್ಷಾರಸ



ಜೂನ್ 29ರಂದು ನಾವು ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವವನ್ನು ಆಚರಿಸುತ್ತೇವೆ. ಅದೇ ದಿನ ಬೆಳಿಗ್ಗೆ ಉತ್ತರ ಸ್ಪೇನಿನ ಲಾ ರಿಯೋಹಾ ಪ್ರಾಂತ್ಯದ ಒಂದು ಪಟ್ಟಣದ ಜನರು ಬಿಳಿ ಬಟ್ಟೆ ತೊಟ್ಟು, ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡು, ಸುಮಾರು 6 ಕಿಲೋಮೀಟರ್ ದೂರದ ಬಿಲಿಬಿಯೊ ಎಂಬ ಬಂಡೆಬೆಟ್ಟಕ್ಕೆ ಹೊರಡುತ್ತಾರೆ. ಅಲ್ಲಿನ ಕಿರುದೇವಾಲಯದಲ್ಲಿ ಬಲಿಪೂಜೆ ನಡೆಯುತ್ತದೆ. ಪೂಜೆ ಮುಗಿದದ್ದೇ ತಡ, ಚರ್ಮದ ಚೀಲ, ಬಕೆಟ್ಟು, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಕೆಂಪು ದ್ರಾಕ್ಷಾರಸ ತುಂಬಿಕೊಂಡು ಒಬ್ಬರ ಮೇಲೊಬ್ಬರು ಎರಚುತ್ತಾರೆ. ನಮ್ಮ ಓಕುಳಿ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು. ಆ ಪಟ್ಟಣದ ಹೆಸರು ಹಾರೊ. ಅಲ್ಲಿಯವರ ಬಾಯಲ್ಲಿ ಅದು 'ಆರೊ'. ಊರಿನ ಮುಖ್ಯ ದೇವಾಲಯ ಭಾರತದ ಪ್ರೇಷಿತರಾದ ನಮ್ಮ ಸಂತ ತೋಮಾಸರಿಗೇ ಅರ್ಪಿತವಾಗಿದೆ ಎಂಬುದು ನಮಗೆ ಸಂತೋಷದ ಸಂಗತಿ.

ಎರಚಾಟದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿವೆ. ಅದಕ್ಕೂ ಮುಂಚೆ ನಡೆಯುವ ಬಲಿಪೂಜೆಯ ಕಾರಣ ಮಾತ್ರ ಹೆಚ್ಚು ಜನರಿಗೆ ತಿಳಿಯದು.

ಸುಮಾರು 1500 ವರ್ಷಗಳ ಹಿಂದೆ ಆ ಬೆಟ್ಟದಲ್ಲಿ ಫೆಲಿಸೆಸ್ ಎಂಬ ವಿರಕ್ತರಿದ್ದರು. ಅವರು ಗ್ರಂಥ ಬರೆದವರಲ್ಲ, ಮಠ ಕಟ್ಟಿದವರೂ ಅಲ್ಲ. ಮಿಲ್ಯಾನ್ ಎಂಬ ಕುರಿಗಾಹಿ ಅವರ ಹೆಸರು ಕೇಳಿ ಹುಡುಕಿಕೊಂಡು ಬಂದ. ಅವರ ಬಳಿಯೇ ಇದ್ದು ಪ್ರಾರ್ಥನೆಯ ಬದುಕನ್ನು ಕಲಿತು ಹೋದ. 7ನೇ ಶತಮಾನದಲ್ಲಿ ಸರಗೋಸದ ಧರ್ಮಾಧ್ಯಕ್ಷರಾದ ಸಂತ ಬ್ರೌಲಿಯೊ ಈ ಶಿಷ್ಯನ ಚರಿತ್ರೆಯನ್ನು ಬರೆದರು. ಗುರುವಿನ ಹೆಸರು ನಮಗೆ ಉಳಿದದ್ದೇ ಆ ಚರಿತ್ರೆಯಿಂದ. ಮಿಲ್ಯಾನರು ಮುಂದೆ ಗುರುದೀಕ್ಷೆ ಪಡೆದು ಧರ್ಮಕೇಂದ್ರವೊಂದರ ಹೊಣೆ ಹೊತ್ತರು. ದೇವಾಲಯದ ಸ್ವತ್ತನ್ನು ಬಡವರಿಗೆ ಹಂಚಿದರೆಂದು ಜೊತೆಯ ಗುರುಗಳೇ ದೂರು ಕೊಟ್ಟರು, ಹುದ್ದೆ ಹೋಯಿತು. ಅವರು ಏಕಾಂತಕ್ಕೆ ಮರಳಿದರು. ಧರ್ಮಕೇಂದ್ರದ ಲೆಕ್ಕಪುಸ್ತಕ ನೋಡಿಕೊಳ್ಳುವ ನಮ್ಮಂಥ ಗುರುಗಳನ್ನು ಈ ಪ್ರಸಂಗ ಸ್ವಲ್ಪ ತಡೆದು ನಿಲ್ಲಿಸುತ್ತದೆ.

ಶಿಷ್ಯನ ಸಮಾಧಿಯ ಸುತ್ತ ದೊಡ್ಡ ಮಠ ಬೆಳೆಯಿತು. ಅಲ್ಲಿನ ಸನ್ಯಾಸಿಗಳು ಲತೀನ್ ಗ್ರಂಥವೊಂದರ ಅಂಚಿನಲ್ಲಿ ಜನರ ಆಡುಮಾತಿನಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಸ್ಪೇನಿನ ಭಾಷಾಚರಿತ್ರೆಯಲ್ಲಿ ಅಮೂಲ್ಯವೆಂದು ಕಾಣುತ್ತಾರೆ. 1997ರಲ್ಲಿ ಆ ಮಠಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1090ರಲ್ಲಿ ಗುರು ಫೆಲಿಸೆಸರ ಪವಿತ್ರ ಅವಶೇಷಗಳನ್ನೂ ಬಿಲಿಬಿಯೊದಿಂದ ತೆಗೆದು ಅಲ್ಲಿಗೇ ಒಯ್ದರು. ಬೆಟ್ಟದ ಸಮಾಧಿ ಬರಿದಾಯಿತು, ಆದರೂ ಹಾರೊದ ಜನ ಬೆಟ್ಟ ಹತ್ತುವುದನ್ನು ಬಿಡಲಿಲ್ಲ.

ಅದಕ್ಕೆ ಭಕ್ತಿಯೊಂದೇ ಕಾರಣವಲ್ಲ ಎನ್ನುವುದನ್ನೂ ಹೇಳಬೇಕು. ನೆರೆಯ ಮಿರಾಂಡಾ ಪಟ್ಟಣದೊಂದಿಗೆ ಈ ಬೆಟ್ಟದ ಗಡಿಯ ವ್ಯಾಜ್ಯವಿತ್ತು. ವರ್ಷಕ್ಕೊಮ್ಮೆ ಶಿಖರದಲ್ಲಿ ಬಾವುಟ ನೆಟ್ಟು ಗಡಿ ತೋರಿಸಬೇಕು, ಇಲ್ಲವಾದರೆ ಜಾಗ ಕೈತಪ್ಪುತ್ತದೆ ಎಂಬ ಕಟ್ಟಳೆ 13ನೇ ಶತಮಾನದಿಂದ ಬಂತೆಂದು ಊರವರು ಹೇಳುತ್ತಾರೆ. ಬಾವುಟ ನೆಡುವ ವಾಡಿಕೆ ಇಂದಿಗೂ ಇದೆ. ಸಂತನೂ ಸರ್ವೆ ಕಲ್ಲೂ ಒಂದೇ ಬೆಟ್ಟದ ಮೇಲೆ! ಪೂಜೆಯ ನಂತರದ ಊಟದಲ್ಲಿ ತಮಾಷೆಗೆ ಶುರುವಾದ ಎರಚಾಟಕ್ಕೆ 'ದ್ರಾಕ್ಷಾರಸದ ಕದನ' ಎಂಬ ಹೆಸರು ಬಿದ್ದದ್ದು 20ನೇ ಶತಮಾನದಲ್ಲಷ್ಟೇ.

ಹೀಗೆ ಬಕೆಟ್ಟುಗಟ್ಟಲೆ ಚೆಲ್ಲುವಷ್ಟು ಸಿರಿ ಈ ಊರಿಗೆ ಬಂದ ಬಗೆಯನ್ನು ನಾವು ಗಮನವಿಟ್ಟು ನೋಡಬೇಕು. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ತೀರಾ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಬಿತ್ತು. ಬೇರನ್ನೇ ಹೀರುವ ಕೀಟ ಅದು. ಮುಂದಿನ ದಶಕಗಳಲ್ಲಿ ಅಲ್ಲಿನ ರೈತಕುಟುಂಬಗಳು ಬೀದಿಗೆ ಬಂದವು, ವ್ಯಾಪಾರಿಗಳು ದ್ರಾಕ್ಷಾರಸ ಹುಡುಕಿಕೊಂಡು ಗಡಿ ದಾಟಿದರು. 1863ರಲ್ಲೇ ಹಾರೊಗೆ ಬಿಲ್ಬಾವೊ ಬಂದರಿನ ರೈಲು ಬಂದಿತ್ತು. 1877, 1879, 1890, ಹೀಗೆ ಒಂದರ ಹಿಂದೊಂದು ದ್ರಾಕ್ಷಾರಸದ ಮನೆತನಗಳು ಹಾರೊದಲ್ಲಿ ತಲೆಯೆತ್ತಿ, ರೈಲುನಿಲ್ದಾಣದ ಸುತ್ತ ನೆಲೆಯೂರಿದವು. ಓಕ್ ಮರದ ಪೀಪಾಯಿಯಲ್ಲಿ ಹದವಾಗಿ ಮಾಗಿಸುವ ಫ್ರೆಂಚ್ ವಿದ್ಯೆ ಊರಿನದೇ ಆಯಿತು. ಸ್ಪೇನಿನಲ್ಲಿ ವಿದ್ಯುತ್ ಬೀದಿದೀಪ ಮೊದಲು ಕಂಡ ಊರುಗಳಲ್ಲಿ ಹಾರೊ ಒಂದು. 'ದೀಪ ಕಾಣುತ್ತಿದೆ, ಹಾರೊ ಬಂತು' ಎಂಬ ಮಾತು ಆ ಕಡೆ ಈಗಲೂ ಬಳಕೆಯಲ್ಲಿದೆ.

ನೆರೆಯವರ ತೋಟ ಒಣಗಿದ್ದರಿಂದ ಹತ್ತಿದ ದೀಪಗಳವು. 1899ರಲ್ಲಿ ಅದೇ ಕೀಟ ರಿಯೋಹಾಗೂ ಬಂತು.

ಪರಿಹಾರ ಸಿಕ್ಕಿದ್ದು ಕಸಿಯಲ್ಲಿ. ಅಮೆರಿಕದ ಕಾಡುಬಳ್ಳಿಯ ಬೇರಿಗೆ ಆ ಕೀಟವನ್ನು ತಾಳಿಕೊಳ್ಳುವ ಶಕ್ತಿಯಿದೆ. ಹಳೆಯ ಬಳ್ಳಿಗಳನ್ನು ಕಿತ್ತು, ಆ ಬೇರಿಗೆ ಊರಿನ ತಳಿಯನ್ನು ಕಸಿ ಕಟ್ಟಿದರು. ಇಂದು ಆ ನಾಡಿನ ತೋಟಗಳು ಬಹುಪಾಲು ಬೇರೆ ಖಂಡದ ಬೇರಿನ ಮೇಲೆ ನಿಂತಿವೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಕಾಡು ಓಲಿವ್ ಕೊಂಬೆಯ ಕಸಿಯ ಮಾತು ಬರುತ್ತದೆ. ಬೇರಿನ ಎದುರು ಕೊಂಬೆ ಬೀಗಬಾರದು ಎಂದು ಅಲ್ಲಿ ಎಚ್ಚರಿಸುತ್ತಾರೆ. ಅವರ ಹಬ್ಬದಂದೇ ದ್ರಾಕ್ಷಾರಸ ಎರಚಿಕೊಳ್ಳುವ ಊರಿಗೆ ಈ ಅಧ್ಯಾಯವನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಾರದು.

ಬೆಟ್ಟದ ಮೇಲಿನ ಆಟವನ್ನು ಖಂಡಿಸುವುದು ಸುಲಭ. ಬಲಿಪೂಜೆಯ ಪಾತ್ರೆಗೆ ಬೀಳುವುದು ಕೆಲವು ಹನಿ, ಹೊರಗೆ ಚೆಲ್ಲುವುದು ಸಾವಿರಾರು ಲೀಟರ್. ನಮ್ಮ ಹಬ್ಬಗಳಲ್ಲೂ ಬ್ಯಾಂಡು, ಪಟಾಕಿ, ಬಾಡೂಟದ ಖರ್ಚು ಏನೂ ಕಡಿಮೆಯಿಲ್ಲ, ತೇರು ಹೊರಡುವ ಹೊತ್ತಿಗೆ ದೇವಾಲಯದೊಳಗೆ ಎಷ್ಟು ಜನ ಇರುತ್ತಾರೆಂಬುದೂ ಗೊತ್ತಿರುವ ವಿಷಯವೇ. ಆದರೂ ಹಾರೊದವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವಶೇಷಗಳು ಬೇರೆಡೆಗೆ ಹೋದವು, ಗಡಿಯ ವ್ಯಾಜ್ಯ ಹಳೆಯದಾಯಿತು, ಪ್ರವಾಸಿಗರು ತುಂಬಿಕೊಂಡರು. ಇಷ್ಟಾದರೂ ಪೂಜೆ ಮುಗಿಯದೆ ಕದನ ಶುರುವಾಗಬಾರದೆಂಬ ಕ್ರಮವನ್ನು ಊರು ಇನ್ನೂ ಬಿಟ್ಟಿಲ್ಲ.

ಹಾರೊದಲ್ಲಿ ಸೆಪ್ಟೆಂಬರ್ 8ರಂದು ಇನ್ನೊಂದು ಹಬ್ಬವಿದೆ. 'ವೇಗಾ', ಅಂದರೆ ಹೊಳೆದಂಡೆಯ ಫಲವತ್ತಾದ ಬಯಲಿನ ಹೆಸರು ಹೊತ್ತ ಕನ್ಯಾಮಾತೆ ಅಲ್ಲಿನ ಪಾಲಕಿ. ನಮ್ಮ ಕರಾವಳಿಯ ದೇವಾಲಯಗಳಲ್ಲಿ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸಿ ಹೊಸ ತೆನೆ ಮನೆಗೆ ಒಯ್ಯುವ ದಿನವೂ ಅದೇ. ಆ ಹೊತ್ತಿಗೆ ಹಾರೊದ ತೋಟಗಳಲ್ಲಿ ದ್ರಾಕ್ಷಿ ಕಪ್ಪಾಗಿ, ಕೊಯ್ಲಿಗೆ ದಿನ ಎಣಿಸುತ್ತಿರುತ್ತಾರೆ.