ಸೋಲಿನ ಅನಂತರ ಡೆನ್ಮಾರ್ಕ್



'ಆ ದೇಶದವರು ಹುಟ್ಟಿನಿಂದಲೇ ಶಿಸ್ತಿನವರು, ನಮ್ಮವರು ಹೀಗೆಯೇ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಜನಾಂಗದ ಸ್ವಭಾವ ಹುಟ್ಟಿನಿಂದ ಬರುವುದೇ? ಡೆನ್ಮಾರ್ಕಿನ ಚರಿತ್ರೆಯನ್ನು ನೋಡಿ ಉತ್ತರ ಹುಡುಕೋಣ.

ಭೂಪಟ ತೆರೆಯಿರಿ. ಉತ್ತರ ಯುರೋಪಿನ ಒಂದು ಪರ್ಯಾಯದ್ವೀಪ ಮತ್ತು ನೂರಾರು ದ್ವೀಪಗಳು ಸೇರಿ ಈ ಪುಟ್ಟ ರಾಜ್ಯವಾಗಿದೆ. ಇಲ್ಲಿ ಎಲ್ಲಿಯೇ ನಿಂತರೂ ಸಮುದ್ರ ಹೆಚ್ಚೆಂದರೆ 52 ಕಿಲೋಮೀಟರು ದೂರ. ಬಾಲ್ಟಿಕ್ ಸಮುದ್ರಕ್ಕೆ ಹೋಗಿಬರುವ ಹಡಗುಗಳಿಂದ ಇಲ್ಲಿನ ರಾಜರು 1857ರವರೆಗೂ ಸುಂಕ ಪಡೆದರು. ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಇವರ ವ್ಯಾಪಾರದ ನೆಲೆಯಾಗಿತ್ತು. ಕೆರಿಬಿಯನ್ ದ್ವೀಪಗಳ ಗುಲಾಮರ ದುಡಿಮೆಯೂ ಇವರ ಸಂಪತ್ತನ್ನು ಬೆಳೆಸಿತೆಂಬುದನ್ನು ಮರೆಯಬಾರದು.

ಈ ವೈಭವ ಉಳಿಯಲಿಲ್ಲ. 1814ರಲ್ಲಿ ನಾರ್ವೆ ಕೈತಪ್ಪಿತು. 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳಿಗೆ ಸೋತು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳನ್ನು ಬಿಟ್ಟುಕೊಡಬೇಕಾಯಿತು. ಮುಂದೆ ಅಮೆರಿಕ ಮತ್ತು ರಷ್ಯಗಳ ಅಗ್ಗದ ಧಾನ್ಯ ಮಾರುಕಟ್ಟೆಗೆ ಬಂದು ರೈತರ ಬೆಳೆಗೆ ಬೆಲೆ ಇಲ್ಲದಾಯಿತು.

ಆಗ ರೈತರು ಧಾನ್ಯವನ್ನು ದನಕ್ಕೆ, ಹಂದಿಗೆ ತಿನ್ನಿಸಿ, ಬೆಣ್ಣೆ ಮತ್ತು ಮಾಂಸವನ್ನು ಬ್ರಿಟನ್ನಿಗೆ ಮಾರತೊಡಗಿದರು. ಬೆಣ್ಣೆ ತೆಗೆಯುವ ಯಂತ್ರ ಒಬ್ಬ ಸಣ್ಣ ರೈತನ ಶಕ್ತಿಗೆ ಮೀರಿದ್ದು. ಆದ್ದರಿಂದ 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯವರು ಒಟ್ಟುಗೂಡಿ ಸಹಕಾರಿ ಡೈರಿ ತೆರೆದರು. ಬೇಗನೆ ಊರೂರಿಗೆ ಡೈರಿಗಳು ಬಂದವು. ಹಸು ಒಂದಿರಲಿ, ಐವತ್ತಿರಲಿ, ಸದಸ್ಯನಿಗೆ ಒಂದೇ ಮತ ಎಂಬುದು ಈ ಚಳುವಳಿಯ ತತ್ತ್ವವಾಯಿತು.

ಅಕ್ಕಪಕ್ಕದವರನ್ನು ನಂಬಿ ಹೀಗೆ ಕೂಡಿ ದುಡಿಯುವುದನ್ನು ಅವರು ಎಲ್ಲಿ ಕಲಿತರು? ಬಹುಮಟ್ಟಿಗೆ ಜನತಾ ಪ್ರೌಢಶಾಲೆಗಳಲ್ಲಿ. ಗ್ರುಂಟ್‌ವಿಗ್ ಎಂಬ ಚಿಂತಕನ ವಿಚಾರದಂತೆ ಇಂತಹ ಮೊದಲ ಶಾಲೆ 1844ರಲ್ಲಿ ರೋಡಿಂಗ್‌ನಲ್ಲಿ ಆರಂಭವಾಯಿತು. ಅಲ್ಲಿ ಪರೀಕ್ಷೆ ಇರಲಿಲ್ಲ. ಹಳ್ಳಿಯ ತರುಣರು ಚಳಿಗಾಲದಲ್ಲಿ ಬಂದು ಚರಿತ್ರೆ ಮತ್ತು ತಾಯ್ನುಡಿಯನ್ನು ಕಲಿತು, ಸಭೆಯಲ್ಲಿ ಮಾತನಾಡುವ ಧೈರ್ಯ ಪಡೆದು ಹೋಗುತ್ತಿದ್ದರು. 1864ರ ಸೋಲಿನಲ್ಲಿ ರೋಡಿಂಗ್ ಊರೇ ಶತ್ರುವಿನ ಪಾಲಾಯಿತು. ಆದರೂ 1865ರಲ್ಲಿ ಹೊಸ ಗಡಿಯ ಈಚೆಗೆ, ಆಸ್ಕೋವ್‌ನಲ್ಲಿ ಪಾಠ ಮುಂದುವರಿಯಿತು. ನಮ್ಮ ನಂಜನಗೂಡಿನ ವಿದ್ಯಾಪೀಠಕ್ಕೂ ಈ ಶಾಲೆಗಳೇ ಮಾದರಿ.

ಇಂದು ಡೆನ್ಮಾರ್ಕ್ ಪ್ರಪಂಚದ ಶ್ರೀಮಂತ ದೇಶಗಳಲ್ಲೊಂದು. ಅಲ್ಲಿನವರ ಸಹಕಾರ ಬುದ್ಧಿ ರಕ್ತದಿಂದ ಬಂದದ್ದಲ್ಲ, ಶಾಲೆ ಮತ್ತು ಸಂಘಗಳಲ್ಲಿ ರೂಢಿಯಾದದ್ದು. ಮುಂದಿನ ರಜೆಯಲ್ಲಿ ನಿಮ್ಮೂರಿನ ಹಾಲು ಉತ್ಪಾದಕರ ಸಂಘದ ಸಭೆಗೊಮ್ಮೆ ಹೋಗಿ ನೋಡಿ. ಅಲ್ಲಿ ಒಂದೇ ಹಸುವಿನ ಯಜಮಾನ ಎದ್ದು ಪ್ರಶ್ನೆ ಕೇಳುತ್ತಾನೆಯೇ? ಕೇಳದಿದ್ದರೆ ಏಕೆಂದು ಯೋಚಿಸಿ.